ಶತಾವರಿ ಡಬ್ಬಿ ಒಡೆಯುವ ಮುಂಚೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಫೋನು ಮಾಡಿ ‘ದೊಡ್ಡಮ್ಮಾ’ ಅಂದೆಯಲ್ಲ, ಆ ಒಂದು ಮಾತಿನಲ್ಲೇ ನೀನು ಅತ್ತಿದ್ದು ಗೊತ್ತಾಯಿತು. “ಐದು ದಿನ ಆಯ್ತು, ನಂಗೆ ಹಾಲೇ ಇಲ್ಲ. ಕುಡಿದು ಅರ್ಧ ಗಂಟೆಗೇ ಮತ್ತೆ ಅಳುತ್ತೆ. ಅತ್ತೆ ಮೆಂತೆ ಅಂತಾರೆ, ಫ್ರೆಂಡು ಶತಾವರಿ ಅಂತಾಳೆ, ಇವ್ರು ಯಾವುದೋ ಗಿಡಮೂಲಿಕೆ ಟೀ ತರಿಸಿದಾರೆ. ಯಾವುದು ಶುರು ಮಾಡ್ಲಿ?” ನಾನು ಅದಕ್ಕೆ ಉತ್ತರ ಕೊಡದೆ, ಕೂಸು ಇವತ್ತು ಎಷ್ಟು ಸಲ ಉಚ್ಚೆ ಹೊಯ್ದಿದೆ ಅಂತ ಕೇಳಿದ್ದಕ್ಕೆ ನಿನಗೆ ಸಿಟ್ಟೇ ಬಂತು. ಆದರೂ ಎದ್ದು ಹೋಗಿ ಬುಟ್ಟಿಯಲ್ಲಿದ್ದ ಲಂಗೋಟಿ ಎಣಿಸಿದೆ. ಏಳು ಅಂದೆ. ಬೇರೆ ಹಾಲು, ನೀರು ಏನೂ ಕುಡಿಸಿಲ್ಲ ತಾನೇ ಅಂತ ಕೇಳಿದೆ. ಇಲ್ಲ ಅಂದೆ.

ಹಾಲೇ ಇಲ್ಲದ ತಾಯಿಯ ಕೂಸು ಏಳು ಲಂಗೋಟಿ ಎಲ್ಲಿಂದ ಒದ್ದೆ ಮಾಡೀತು ಮಾರಾಯ್ತಿ?

ಫೋನಿನಲ್ಲಿ ಎಲ್ಲ ಹೇಳಲಾಗಲಿಲ್ಲ, ನಿನಗೂ ಕೂಸಿಗೂ ನಿದ್ದೆ ಬೇಕಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಮ್ಮ ಅನ್ನಿಸಿಕೊಂಡವಳು ನಾನು. ತೀರ್ಥಹಳ್ಳಿ ಕಡೆ ಹುಟ್ಟಿ ಹಾವೇರಿಗೆ ಸೊಸೆಯಾಗಿ ಬಂದದ್ದರಿಂದ ಎರಡೂ ಕಡೆಯ ಬಾಣಂತನ ಕಂಡಿದ್ದೇನೆ. ಆಸ್ಪತ್ರೆಯ ಮಾತೂ ಗೊತ್ತು, ಅಡುಗೆಮನೆಯ ಮಾತೂ ಗೊತ್ತು. ಎರಡೂ ಕಡೆ ತಪ್ಪು ಮಾಡಿದ್ದೂ ಉಂಟು. ಅದನ್ನೂ ಹೇಳುತ್ತೇನೆ.

ಮೊದಲು ಕೂಸಿನ ಹೊಟ್ಟೆಯ ಅಳತೆ ತಿಳಿದುಕೋ. ಹುಟ್ಟಿದ ದಿನ ಅದಕ್ಕೆ ಒಂದು ಸಲಕ್ಕೆ ಬೇಕಾದ್ದು ಒಂದು ಚಮಚ, ಅಂದರೆ ಐದರಿಂದ ಏಳು ಮಿಲಿಲೀಟರು. ಗೋಲಿಯಷ್ಟು ಹೊಟ್ಟೆ. ವಾರವಾಗುವಾಗ ನಲವತ್ತೈದು, ಅರವತ್ತು ಮಿಲಿಲೀಟರಿಗೆ ಬರುತ್ತದೆ. ಅಷ್ಟು ಪುಟ್ಟ ಹೊಟ್ಟೆಗೆ ಎದೆಹಾಲು ಬೇಗ ಅರಗುತ್ತದೆ, ಆದ್ದರಿಂದ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದೇ ಸರಿಯಾದ ಲೆಕ್ಕ. ಸಂಜೆ ಹೊತ್ತು ಬಿಟ್ಟೂಬಿಡದೆ ಮೊಲೆ ಬೇಕು ಅನ್ನುತ್ತದೆ, ಅದೂ ಸಹಜ. ಅಳುವುದಕ್ಕೆ ಹಸಿವೊಂದೇ ಕಾರಣವೂ ಅಲ್ಲ. ಸೆಕೆ, ಒದ್ದೆ, ಗಾಳಿ, ಸುಮ್ಮನೆ ಅಮ್ಮನ ಮೈ ಬೇಕು ಅನ್ನಿಸುವುದು, ಎಲ್ಲಕ್ಕೂ ಅದಕ್ಕಿರುವುದು ಒಂದೇ ಭಾಷೆ.

ನಿನ್ನದು ಸಿಸೇರಿಯನ್ ಬೇರೆ. ಎದೆ ತುಂಬಿ ಹಾಲು ಇಳಿಯುವುದು ಸಾಮಾನ್ಯವಾಗಿ ಎರಡರಿಂದ ಐದನೇ ದಿನದೊಳಗೆ. ಆಪರೇಷನ್ ಆದವರಿಗೆ ಒಂದಿಷ್ಟು ತಡ. ಅಲ್ಲಿಯವರೆಗೆ ಬರುವ ಹಳದಿ ಹಾಲು ಕಾಣಲು ಕಡಿಮೆ, ಆದರೆ ಕೂಸಿಗೆ ಅಷ್ಟೇ ಸಾಕು, ಅದರಲ್ಲಿ ರೋಗ ತಡೆಯುವ ಶಕ್ತಿ ತುಂಬಿರುತ್ತದೆ. ನನ್ನ ಅತ್ತೆ ಅದನ್ನು ‘ಕೆಟ್ಟ ಹಾಲು’ ಅಂತ ಹಿಂಡಿ ಚೆಲ್ಲಿಸಿದ್ದರು. ಆಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಹುಟ್ಟಿದಾಗ 2 ಕೆಜಿ 900 ಗ್ರಾಂ ಇತ್ತು, ಮೂರನೇ ದಿನ 2 ಕೆಜಿ 700ಕ್ಕೆ ಇಳಿಯಿತು ಅಂತ ಗಾಬರಿಪಟ್ಟಿದ್ದೀಯ. ಮೊದಲ ದಿನಗಳಲ್ಲಿ ನೂರಕ್ಕೆ ಏಳರಷ್ಟು ತೂಕ ಇಳಿಯುವುದು ಬಹುತೇಕ ಕೂಸುಗಳಲ್ಲಿ ಕಾಣುವ ಮಾತು. ಹತ್ತರ ಹತ್ತಿರ ಹೋದರೆ ಮಾತ್ರ ಡಾಕ್ಟರು ಹುಬ್ಬೇರಿಸುತ್ತಾರೆ. ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಐದನೇ ದಿನದಿಂದ ಆಚೆಗೆ ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದಂತೆ ತಿಳಿಯಾದ ಉಚ್ಚೆ, ಕಾಡಿಗೆಯಂಥ ಕಪ್ಪು ಮಲ ಹೋಗಿ ಅರೆದ ಸಾಸಿವೆಯಂಥ ಹಳದಿ ಮಲ. ಇವಿಷ್ಟು ಇದ್ದರೆ ನಿನಗೆ ಹಾಲಿದೆ. ಪಂಪು ಹಾಕಿ ನೋಡಿದೆ, ಇಷ್ಟೇ ಬಂತು ಅನ್ನಬೇಡ. ಕೂಸಿನ ಬಾಯಿ ಎಳೆಯುವಷ್ಟನ್ನು ಯಾವ ಪಂಪೂ ಎಳೆಯದು.

ಹಾಲು ಹುಟ್ಟುವ ಬಗೆ ಹೇಳುತ್ತೇನೆ ಕೇಳು, ಇದು ತಿಳಿದರೆ ಯಾವ ಮೂಲಿಕೆ ಎಲ್ಲಿ ನಿಲ್ಲುತ್ತದೆ ಅನ್ನುವುದು ತಾನೇ ತಿಳಿಯುತ್ತದೆ. ಬೇಸಿಗೆಯಲ್ಲಿ ವರದಾ ನದಿ ಬತ್ತಿದಾಗ ಇಲ್ಲಿಯ ಹೆಂಗಸರು ಮರಳಿನಲ್ಲಿ ಒರತೆ ತೋಡುತ್ತಿದ್ದರು. ಚಿಪ್ಪಿನಲ್ಲಿ ಮೊಗೆದು ಮೊಗೆದು ಕೊಡಕ್ಕೆ ಹಾಕಿದಷ್ಟೂ ಕೆಳಗಿಂದ ಒಸರುತ್ತಿತ್ತು. ಮೊಗೆಯದೆ ಬಿಟ್ಟ ಒರತೆ ಎರಡು ದಿನಕ್ಕೆ ಮರಳು ತುಂಬಿ ಮುಚ್ಚುತ್ತಿತ್ತು. ಎದೆಯೂ ಹಾಗೇ. ಕೂಸು ಚೀಪಿದಾಗಲೆಲ್ಲ ಮಿದುಳಿನ ಬುಡದ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಅನ್ನುವ ರಸ ಹೊರಟು ಹಾಲು ಮಾಡು ಅನ್ನುತ್ತದೆ. ಈ ರಸ ರಾತ್ರಿ ಹೊತ್ತೇ ಹೆಚ್ಚು. ಎದೆಯಲ್ಲಿ ಹಾಲು ಹಾಗೇ ನಿಂತರೆ, ಸಾಕು, ಇನ್ನು ಬೇಡ ಅನ್ನುವ ಸುದ್ದಿ ಹೋಗುತ್ತದೆ. ಇನ್ನೊಂದು ರಸ ಆಕ್ಸಿಟೋಸಿನ್, ಅದು ಇದ್ದ ಹಾಲನ್ನು ಇಳಿಸುವುದು. ನಿನ್ನ ತಾತನ ಕೊಟ್ಟಿಗೆಯಲ್ಲಿ ನೀನು ನೋಡಿಲ್ಲವೇ, ಕರು ಬಂದು ಗುದ್ದಿದರೆ ಹಸು ತೊರೆ ಬಿಡುತ್ತದೆ, ಹೊಸಬರು ಚೆಂಬು ಹಿಡಿದು ಹೋದರೆ ಹಾಲು ಏರಿಸಿಕೊಂಡುಬಿಡುತ್ತದೆ. ನೋವು, ಹೆದರಿಕೆ, ಸುತ್ತ ನಾಲ್ಕು ಜನ ನಿಂತು ‘ಹಾಲು ಸಾಲದು’ ಅನ್ನುವ ಮಾತು, ಇವು ಹೆಂಗಸಿಗೂ ಹಾಗೇ ಮಾಡುತ್ತವೆ.

ಇದೆಲ್ಲ ಬಾಯಿಪಾಠವಾಗಿದ್ದ ನಾನೇ ನನ್ನ ಮಗಳ ಬಾಣಂತನದಲ್ಲಿ ಎಡವಿದೆ. ಹಗಲೆಲ್ಲ ವಾರ್ಡಿನಲ್ಲಿ ಬೇರೆ ತಾಯಂದಿರಿಗೆ ಬುದ್ಧಿ ಹೇಳಿ ಸಂಜೆ ಮನೆಗೆ ಬಂದರೆ, ಮಗಳ ಕಣ್ಣ ಕೆಳಗಿನ ಕಪ್ಪು ನೋಡಿ ಕರುಳು ಚುರುಕ್ಕನ್ನುತ್ತಿತ್ತು. ಪಾಪ, ರಾತ್ರಿ ಮಲಗಲಿ ಅಂತ ಕೂಸನ್ನು ನನ್ನ ಪಕ್ಕಕ್ಕೆ ಎತ್ತಿಕೊಂಡು, ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಎರಡು ಸಲ ಹಾಕಿ ಮಲಗಿಸುತ್ತಿದ್ದೆ. ಬೆಳಿಗ್ಗೆ ಎದ್ದು ಅವಳಿಗೆ ಮೆಂತೆ ಗಂಜಿ, ಹಾಲಿನಲ್ಲಿ ಶತಾವರಿ ಪುಡಿ, ರಾತ್ರಿ ಬೆಳ್ಳುಳ್ಳಿ ಸಾರು. ಒಂದೂ ತಪ್ಪಿಸಲಿಲ್ಲ. ಹತ್ತೇ ದಿನಕ್ಕೆ ಅವಳ ಎದೆ ತುಂಬಿ ಬರುವುದೇ ನಿಂತಿತು. ಶತಾವರಿ ಹೆಚ್ಚು ಮಾಡಿದೆ. ಇನ್ನೂ ಕಡಿಮೆಯಾಯಿತು. ಕೊನೆಗೆ ಆಸ್ಪತ್ರೆಯ ಜೊತೆಗಾರ್ತಿಯೊಬ್ಬಳು ನಮ್ಮ ಮನೆಗೆ ಬಂದವಳು ಒಳಲೆ ಎತ್ತಿ ನೋಡಿ, “ಸಿಸ್ಟರ್, ಇದೇನ್ರಿ ನಿಮ್ಮನ್ಯಾಗ?” ಅಂದಳು. ನನಗೆ ತಲೆ ತಗ್ಗಿಸುವ ಹಾಗಾಯಿತು. ಒಳಲೆ ಎತ್ತಿಟ್ಟೆವು. ರಾತ್ರಿ ಎರಡು ಮೂರು ಸಲ ಕೂಸನ್ನು ಅವಳ ಎದೆಗೇ ಹಾಕಿದೆವು, ಹಗಲು ಕೂಸು ಮಲಗಿದಾಗ ಅವಳನ್ನೂ ಮಲಗಿಸಿದೆ. ಎದೆ ಮತ್ತೆ ತುಂಬಲು ಎರಡು ವಾರ ಹಿಡಿಯಿತು. ಮೆಂತೆ ಗಂಜಿ ಮೊದಲೂ ಇತ್ತು, ಆಮೇಲೂ ಇತ್ತು.

ಹಾಗಂತ ಅಡುಗೆಮನೆಯ ಮದ್ದೆಲ್ಲ ಸುಳ್ಳು ಅನ್ನುವವಳು ನಾನಲ್ಲ. ನಿನಗೊಂದು ಸೋಜಿಗ ಹೇಳುತ್ತೇನೆ. ಕೂಸು ತೀರಿಹೋದ ತಾಯಿಗೆ ಎದೆ ಬಿಗಿದು ನೋವಾದಾಗ ಹಾಲು ಬತ್ತಿಸಲು ಮಲ್ಲಿಗೆ ಹೂ ಕಟ್ಟುವ ಪದ್ಧತಿ ನಮ್ಮ ದಕ್ಷಿಣದಲ್ಲಿತ್ತು. ಅಜ್ಜಿಯರ ಕತೆ ಅಂತ ಕಡೆಗಣಿಸದೆ ವೆಲ್ಲೂರಿನ ವೈದ್ಯರು ಅದನ್ನು ಪರೀಕ್ಷೆ ಮಾಡಿ ನೋಡಿ, 1988ರಲ್ಲಿ ವರದಿ ಬರೆದರು. ಹೂ ಕಟ್ಟಿದವರಲ್ಲಿ ಪ್ರೊಲ್ಯಾಕ್ಟಿನ್ ನಿಜವಾಗಿಯೂ ಇಳಿದಿತ್ತು. ಆದ್ದರಿಂದ ಹಳೆಯದು ಅಂದಕೂಡಲೇ ನಗಬಾರದು, ಹಳೆಯದು ಅಂದಕೂಡಲೇ ನುಂಗಲೂಬಾರದು.

ಹಳೆಯದು ಅನ್ನುವುದರಲ್ಲೂ ಎಷ್ಟು ಹಳೆಯದು ಅಂತ ಕೇಳಬೇಕು. ಚರಕ ಸಂಹಿತೆಯಲ್ಲಿ ಎದೆಹಾಲು ಹುಟ್ಟಿಸುವ ಹತ್ತು ಮೂಲಿಕೆಗಳ ಪಟ್ಟಿಯೇ ಇದೆ, ಸ್ತನ್ಯಜನನ ಅಂತ ಹೆಸರು. ಅದರಲ್ಲಿ ಮೆಂತೆಯೂ ಇಲ್ಲ, ಶತಾವರಿಯೂ ಇಲ್ಲ. ಇರುವುದು ಭತ್ತ, ದರ್ಭೆ, ಕುಶ, ಲಾವಂಚ, ಇಂಥ ಹುಲ್ಲಿನ ಜಾತಿಯ ಬೇರುಗಳು. ಶತಾವರಿಯನ್ನು ಹಾಲು ಹೆಚ್ಚಿಸುವುದು ಅಂತ ಭಾವಪ್ರಕಾಶ ಹೊಗಳುತ್ತದೆ. ನಮ್ಮ ಕಡೆ ಕಾಡಂಚಿನಲ್ಲಿ ಮುಳ್ಳುಬಳ್ಳಿಯಾಗಿ ಬೆಳೆಯುವ ಅದೇ ಗಿಡಕ್ಕೆ ಮಜ್ಜಿಗೆ ಗೆಡ್ಡೆ ಅಂತಲೂ, ಬುಡದಲ್ಲಿ ಬೇರು ಗೊಂಚಲುಗೊಂಚಲಾಗಿ ಇಳಿಯುವುದರಿಂದ ಹಲವು ಮಕ್ಕಳ ತಾಯಿ ಬೇರು ಅಂತಲೂ ಹೆಸರು. ಆ ಹೆಸರೇ ಅರ್ಧ ನಂಬಿಕೆ ಹುಟ್ಟಿಸಿತೇನೋ! ಪರೀಕ್ಷೆಗಳು ಮಾತ್ರ ಒಂದೇ ಮಾತು ಹೇಳುವುದಿಲ್ಲ. 1996ರಲ್ಲಿ ನಮ್ಮ ದೇಶದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಶತಾವರಿ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಕಾಣಲಿಲ್ಲ. 2011ರ ಇನ್ನೊಂದರಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚಿತು. ಕಾಕ್ರೇನ್ ಅನ್ನುವ ಸಂಸ್ಥೆಯವರು 2020ರಲ್ಲಿ ಹಾಲು ಹೆಚ್ಚಿಸುವ ಮಾತ್ರೆ, ಮೂಲಿಕೆಗಳ ಮೇಲಿನ 41 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಜರಡಿ ಹಿಡಿದರು. ಮೂಲಿಕೆಗಳಿಂದ ಸ್ವಲ್ಪ ಉಪಯೋಗ ಇದ್ದರೂ ಇರಬಹುದು, ಗಟ್ಟಿಯಾಗಿ ಹೇಳುವಷ್ಟು ಆಧಾರ ಇಲ್ಲ ಅಂದರು. ನನ್ನ ಅನುಭವಕ್ಕೂ ಅದು ಸರಿ ಹೊಂದುತ್ತದೆ.

ಹಾಗಾದರೆ ಏನು ತಿನ್ನಲಿ ಅನ್ನುತ್ತೀಯ. ಊಟದಲ್ಲಿ ಬರುವಷ್ಟು ತಿನ್ನು, ಔಷಧಿಯ ಲೆಕ್ಕದಲ್ಲಿ ಬೇಡ. ಮೆಂತೆ ಗಂಜಿ ನಿಮ್ಮತ್ತೆಯವರು ಮಾಡಿದರೆ ಖುಷಿಯಿಂದ ಕುಡಿ. ಒಂದು ಹಿಡಿ ಕುಚ್ಚಲಕ್ಕಿಗೆ ಒಂದೇ ಚಮಚ ಮೆಂತೆ, ರಾತ್ರಿಯೇ ನೆನೆಸಿಟ್ಟರೆ ಕಹಿ ಕಡಿಮೆ. ಮೆತ್ತಗೆ ಬೆಂದ ಮೇಲೆ ಬೆಲ್ಲ, ಇಳಿಸುವಾಗ ಕಾಯಿಹಾಲು. ಕಾಯಿಹಾಲು ಹಾಕಿದ ಮೇಲೆ ಕುದಿಸಬಾರದು, ಒಡೆಯುತ್ತದೆ. ನಮ್ಮ ಹಾವೇರಿಯವರು ಸಬ್ಬಸಿಗೆ ಸೊಪ್ಪಿಲ್ಲದೆ ಬಾಣಂತಿಗೆ ಎಲೆ ಹಾಕುವುದಿಲ್ಲ. ಹೆಸರುಬೇಳೆ ಜೊತೆ ಪಲ್ಯ ಮಾಡಿ ರೊಟ್ಟಿಗೆ ಕೊಡುತ್ತಾರೆ, ರುಚಿಯೂ ಹೌದು. ಅಳ್ವಿ ಬೀಜ ನೆನೆಹಾಕಿದರೆ ಒಂದೊಂದರ ಸುತ್ತಲೂ ಲೋಳೆ ಕಟ್ಟಿ ಕಾಮಕಸ್ತೂರಿಯ ಹಾಗೆ ಉಬ್ಬುತ್ತದೆ. ಹಾಲು ಬೆಲ್ಲ ಹಾಕಿ ಪಾಯಸ ಮಾಡಿದರೆ ಕಬ್ಬಿಣದಂಶವೂ ಸಿಗುತ್ತದೆ. ಅಂಟಿನ ಉಂಡೆಯಲ್ಲಿ ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಇರುತ್ತವೆ. ಇದರಲ್ಲಿ ಹಾಲು ಹುಟ್ಟಿಸುವ ಮಾಯೆ ಏನಿದೆಯೋ, ಬಾಣಂತಿಗೆ ಬೇಕಾದ ಶಕ್ತಿಯಂತೂ ಇದೆ. ಹಾಲೂಡಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು, ಎರಡು ಉಂಡೆ ಅದರಲ್ಲೊಂದು ಭಾಗ ತುಂಬುತ್ತವೆ. ನುಗ್ಗೆ ಸೊಪ್ಪು, ಎಳ್ಳು, ಬೆಳ್ಳುಳ್ಳಿ, ಜೀರಿಗೆ ಕಷಾಯ, ಇವೆಲ್ಲ ಮನೆಯವೇ, ಹೆದರುವಂಥದ್ದಿಲ್ಲ.

ಚಮಚ ಹೋಗಿ ಬಟ್ಟಲು ಆದಾಗ ತೊಂದರೆ. ಮೆಂತೆ ಸಕ್ಕರೆ ಇಳಿಸುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುವವರು, ರಕ್ತ ತೆಳುವಾಗಿಸುವ ಮಾತ್ರೆ ಇರುವವರು, ಶೇಂಗಾ, ಕಡಲೆ ಮೈಗೆ ಒಗ್ಗದವರು ಪುಡಿ, ಮಾತ್ರೆ ರೂಪದಲ್ಲಿ ಅದನ್ನು ಡಾಕ್ಟರನ್ನು ಕೇಳದೆ ನುಂಗಬಾರದು. ನಿನಗೆ ಥೈರಾಯ್ಡ್ ಮಾತ್ರೆ ಇದೆಯಲ್ಲ, ನೀನೂ ಕೇಳು. ಹೆಚ್ಚು ಮೆಂತೆ ತಿಂದರೆ ಬೆವರು, ಕೂಸಿನ ಉಚ್ಚೆ ಎರಡಕ್ಕೂ ಪಾಕದಂಥ ವಾಸನೆ ಬರುತ್ತದೆ. ಅಂಥದೇ ವಾಸನೆಯ ಒಂದು ಹುಟ್ಟುರೋಗವೂ ಇರುವುದರಿಂದ, ವಾಸನೆ ಬಂದರೆ ಮೆಂತೆ ತಿನ್ನುತ್ತಿದ್ದೇನೆ ಅಂತ ಡಾಕ್ಟರಿಗೆ ಮುಂಚೆಯೇ ಹೇಳಿಬಿಡಬೇಕು. ಇನ್ನು ಅಳಿಯಂದಿರು ತರಿಸಿದ ಟೀ. ಬಡೇಸೋಪು, ಜ್ಯೇಷ್ಠಮಧು ಮುಂತಾದವು ಬೆರೆತ ಇಂಥ ಟೀಯನ್ನು ದಿನಕ್ಕೆ ಎರಡು ಲೀಟರಿಗೂ ಮೇಲೆ ಕುಡಿದ ಇಬ್ಬರು ತಾಯಂದಿರ ಹಸುಗೂಸುಗಳು ಮಂಕಾಗಿ, ಮೈ ಸಡಿಲಾಗಿ ಆಸ್ಪತ್ರೆ ಸೇರಿದ್ದನ್ನು 1994ರಲ್ಲಿ ಇಟಲಿಯ ವೈದ್ಯರು ಬರೆದಿದ್ದಾರೆ. ಟೀ ನಿಲ್ಲಿಸಿದ ಮೇಲೆ ಸರಿಹೋದವು. ಊಟದ ಮೇಲೆ ಒಂದು ಚಿಟಿಕೆ ಬಡೇಸೋಪು ಅಗಿದರೆ ಏನೂ ಆಗದು. ಸಂತೆಯಲ್ಲಿ ಚೀಟಿಯಿಲ್ಲದ ಪೊಟ್ಟಣದಲ್ಲಿ ಮಾರುವ ಬಾಣಂತಿ ಪುಡಿ, ಭಸ್ಮ ಬೆರೆಸಿದ್ದು ಬೇಡವೇ ಬೇಡ. ಮೆಡಿಕಲ್ ಶಾಪಿನವನು ಕೊಡುವ ‘ಹಾಲು ಬರೋ ಮಾತ್ರೆ’ಯೂ ಹಾಗೇ, ಅವುಗಳಲ್ಲಿ ಕೆಲವು ಎದೆಬಡಿತವನ್ನೇ ಏರುಪೇರು ಮಾಡುತ್ತವೆ. ಗರ್ಭ ತಡೆಯುವ ಮಾತ್ರೆಯ ವಿಷಯ ಬಂದಾಗಲೂ ಹಾಲೂಡಿಸುತ್ತಿದ್ದೇನೆ ಅಂತ ಹೇಳು, ಈಸ್ಟ್ರೊಜೆನ್ ಇರುವವು ಹಾಲು ಕುಗ್ಗಿಸುತ್ತವೆ.

ಪಥ್ಯದ ಮಾತು ಬಂದಾಗ ನನ್ನ ದನಿ ಸ್ವಲ್ಪ ಏರುತ್ತದೆ, ಸಹಿಸಿಕೋ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ಬಾಣಂತಿಗೆ ಲೋಟ ಅಳೆದು ಕೊಡುತ್ತಾರೆ. ಬಾಯಾರಿದಷ್ಟು ಕುಡಿ, ಕೂಸನ್ನು ಎದೆಗೆ ಹಾಕಿಕೊಳ್ಳುವಾಗಲೆಲ್ಲ ಪಕ್ಕದಲ್ಲಿ ಒಂದು ಚೆಂಬು ನೀರಿರಲಿ. ಅದಕ್ಕಿಂತ ಕೆಟ್ಟದ್ದು ಬರೀ ಬಿಳಿ ಅನ್ನ, ಮೆಣಸಿನ ಸಾರಿನ ಪಥ್ಯ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ತೌಡಿನ ಜೊತೆ ಹೊರಟುಹೋಗಿರುತ್ತದೆ. ತಾಯಿಯ ಹಾಲಿನಲ್ಲೂ ಅದು ಕಡಿಮೆಯಾಗುತ್ತದೆ. ಚೆನ್ನಾಗಿ ಮೊಲೆ ಕುಡಿದುಕೊಂಡಿದ್ದ ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ವಾಂತಿ ಮಾಡಿ, ದನಿ ಕುಸಿದು, ಮೇಲುಸಿರು ಬಿಡುತ್ತ ಆಸ್ಪತ್ರೆಗೆ ಬರುತ್ತದೆ. ಇಂಥ ಕೂಸುಗಳ ಹೃದಯ ಪರೀಕ್ಷೆ ಮಾಡಿದ ನಮ್ಮ ರಾಜ್ಯದ ವೈದ್ಯರು, ಥಯಾಮಿನ್ ಚುಚ್ಚುಮದ್ದು ಕೊಟ್ಟ ಮೇಲೆ ಅವು ಚೇತರಿಸಿಕೊಂಡದ್ದನ್ನೂ, ಅವುಗಳ ತಾಯಂದಿರು ಬಿಳಿ ಅನ್ನದ ಪಥ್ಯದಲ್ಲಿದ್ದದ್ದನ್ನೂ ವರದಿ ಮಾಡಿದ್ದಾರೆ. ಹಾಲು ಎಷ್ಟಿದೆ ಅನ್ನುವುದರ ಜೊತೆಗೆ ಹಾಲಿನಲ್ಲಿ ಏನಿದೆ ಅನ್ನುವುದನ್ನೂ ನೋಡಬೇಕಲ್ಲ? ಬೇಳೆ, ರಾಗಿ, ಜೋಳ, ಎಳ್ಳು, ಶೇಂಗಾ, ಸೊಪ್ಪು, ತಿನ್ನುವವರಾದರೆ ಮೊಟ್ಟೆ ಮೀನು, ಯಾವುದನ್ನೂ ನಿಲ್ಲಿಸಬೇಡ. ಕುಚ್ಚಲಕ್ಕಿ ತಿನ್ನುವ ಕರಾವಳಿಯವರು ಈ ವಿಷಯದಲ್ಲಿ ನಮಗಿಂತ ಜಾಣರು, ಭತ್ತವನ್ನು ಹೊಟ್ಟಿನ ಸಮೇತ ಬೇಯಿಸುವಾಗ ಆ ಸತ್ವ ಅಕ್ಕಿಯೊಳಗೇ ಉಳಿಯುತ್ತದೆ.

ಕೂಸಿನ ಬಾಯಿಗೆ ಎದೆಹಾಲು ಬಿಟ್ಟು ಆರು ತಿಂಗಳು ಏನೂ ಬೇಡ. ನೀರೂ ಬೇಡ. ಡಾಕ್ಟರು ಬರೆದುಕೊಟ್ಟ ಹನಿ ಮಾತ್ರ. ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರು, ಜೇನು, ಯಾವುದೂ ಬೇಡ. ವರ್ಷದೊಳಗಿನ ಕೂಸಿಗೆ ಜೇನಿನಿಂದ ಬಾಟುಲಿಸಂ ಅನ್ನುವ ಕೆಟ್ಟ ಕಾಯಿಲೆ ಬರಬಹುದು. ನಿಮ್ಮ ಬೀದಿಯಲ್ಲಿ ಈಗಲೂ ಕತ್ತೆ ಹೊಡೆದುಕೊಂಡು ‘ಕತ್ತೆ ಹಾಲೂ...’ ಅಂತ ಕೂಗಿಕೊಂಡು ಬರುತ್ತಾರಂತಲ್ಲ, ನಿಮ್ಮತ್ತೆಯವರು ಒಂದು ಒಳಲೆ ಕುಡಿಸೋಣ ಅಂದರೆ ಜಗಳವಾಡಬೇಡ, ದೊಡ್ಡಮ್ಮ ಬೇಡ ಅಂದಿದ್ದಾರೆ ಅಂತ ನನ್ನ ಮೇಲೆ ಹಾಕು.

ಈಗ ಇವತ್ತೇ ಮಾಡಬೇಕಾದ್ದು. ಆಪರೇಷನ್ ಗಾಯಕ್ಕೆ ತಗಲದಂತೆ ಮಗ್ಗುಲಾಗಿ ಮಲಗು, ಇಲ್ಲವೇ ಗೋಡೆಗೆ ಒರಗಿ ತೊಡೆಯ ಮೇಲೆ ದಿಂಬಿಟ್ಟುಕೋ. ಕೂಸಿನ ಬಟ್ಟೆ ಬಿಚ್ಚಿ ಬರೀ ಲಂಗೋಟಿಯಲ್ಲಿ ನಿನ್ನ ಬರಿ ಎದೆಯ ಮೇಲೆ ಹಾಕಿಕೋ, ಮೇಲೆ ಸೀರೆಯನ್ನೋ ದುಪಟಿಯನ್ನೋ ಹೊದ್ದುಕೋ. ಹೊಟ್ಟೆಗೆ ಹೊಟ್ಟೆ ತಾಗಿರಲಿ, ಕತ್ತು ತಿರುಗಿರಬಾರದು. ತೊಟ್ಟನ್ನು ಮೇಲ್ದುಟಿಗೆ ಸವರಿ ಕಾಯಿ, ಆಕಳಿಸುವಷ್ಟು ಅಗಲ ಬಾಯಿ ತೆರೆದಾಗ ತಟ್ಟನೆ ಹತ್ತಿರ ತಂದುಕೋ. ಸುತ್ತಲಿನ ಕಪ್ಪು ಭಾಗ, ಅದರಲ್ಲೂ ಕೆಳಗಿನದು, ಬಹುಪಾಲು ಬಾಯೊಳಗೆ ಹೋಗಬೇಕು, ಗದ್ದ ಎದೆಗೆ ಒತ್ತಿರಬೇಕು. ತೊಟ್ಟಷ್ಟೇ ಕಚ್ಚಿದರೆ ಹಾಲು ಬರದು, ತೊಟ್ಟು ಬಿರಿಯುತ್ತದೆ. ಸರಿಯಾಗಿ ಹಿಡಿದಿದ್ದರೆ ಮೊದಲು ಪಟಪಟ ಚೀಪಿ, ಆಮೇಲೆ ನಿಧಾನವಾಗಿ ಗುಟುಕು ನುಂಗುವ ಸದ್ದು ಕೇಳುತ್ತದೆ. ಆ ಸದ್ದಿಗೆ ಕಿವಿಗೊಡು, ಗಡಿಯಾರ ನೋಡಬೇಡ. ಒಂದು ಕಡೆ ಪೂರ್ತಿ ಬಿಟ್ಟ ಮೇಲೆ ಇನ್ನೊಂದು ಕಡೆ. ಮೂರು ತಾಸಿಗೂ ಏಳದೆ ಮಲಗಿದರೆ ಅಂಗಾಲು ಸವರಿ ಎಬ್ಬಿಸು. ಕುಡಿದ ಮೇಲೂ ಎದೆ ಭಾರ ಅನ್ನಿಸಿದರೆ ಕೈಯಿಂದ ಹಿಂಡಿ ತೆಗೆ. ಎದೆ ಖಾಲಿಯಾದಷ್ಟೂ ಒಳ್ಳೆಯದು. ಕೂಸು ಎತ್ತಿಕೊಳ್ಳುವುದು, ಲಂಗೋಟಿ ಬದಲಿಸುವುದು, ನಿನ್ನ ತಟ್ಟೆ ತಂದುಕೊಡುವುದು ಅಳಿಯಂದಿರ ಕೆಲಸ. ಟೀ ಪುಡಿ ತರಿಸಿದ ಕಾಳಜಿಯನ್ನು ರಾತ್ರಿ ಎರಡು ಗಂಟೆಗೆ ಎದ್ದು ತೋರಿಸಲಿ.

ನಿಜಕ್ಕೂ ಹಾಲು ಕಡಿಮೆ ಇರುವವರೂ ಇದ್ದಾರೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋದವರು, ಥೈರಾಯ್ಡ್ ಹತೋಟಿಯಲ್ಲಿಲ್ಲದವರು, ಕಸದ (ಮಾಸಿನ) ಚೂರು ಗರ್ಭದಲ್ಲಿ ಉಳಿದವರು, ಎದೆಯ ಆಪರೇಷನ್ ಆದವರು. ಅವರಿಗೆ ಗಂಜಿಯಿಂದ ಆಗುವುದಿಲ್ಲ, ಕಾರಣ ಹುಡುಕಿ ಚಿಕಿತ್ಸೆ ಆಗಬೇಕು. ಅಂಥ ತಾಯಿ ಡಾಕ್ಟರು ಹೇಳಿದಂತೆ ಮೇಲು ಹಾಲು ಕೊಟ್ಟರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಿನ್ನ ಥೈರಾಯ್ಡನ್ನು ಈ ವಾರವೇ ಒಮ್ಮೆ ಪರೀಕ್ಷೆ ಮಾಡಿಸು. ಕೂಸಿನ ಉಚ್ಚೆ ನಾಲ್ಕಕ್ಕೆ ಇಳಿದರೆ, ಬಣ್ಣ ಗಾಢವಾದರೆ, ಎಬ್ಬಿಸಿದರೂ ಮೊಲೆ ಹಿಡಿಯದೆ ಮಂಕಾಗಿದ್ದರೆ, ಅರಿಸಿನ ಬಣ್ಣ ಕಾಲಿನವರೆಗೆ ಇಳಿದರೆ, ನಿನಗೆ ಎದೆ ಕೆಂಪಾಗಿ ಚಳಿಜ್ವರ ಬಂದರೆ, ನನಗೆ ಫೋನು ಮಾಡುತ್ತ ಕೂರಬೇಡ, ನೇರ ಆಸ್ಪತ್ರೆಗೆ ಹೋಗು.

ಶನಿವಾರ ಬೆಳಗಿನ ರೈಲಿಗೆ ಹೊರಡುತ್ತೇನೆ. ಅರ್ಧ ಕೆಜಿ ಅಳ್ವಿ, ಒಂದು ಡಬ್ಬಿ ಅಂಟಿನ ಉಂಡೆ ಕಟ್ಟಿಟ್ಟಾಗಿದೆ, ಒಳಲೆ ತರುವುದಿಲ್ಲ. ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಕೂಸಿನ ಉಚ್ಚೆ ಲೆಕ್ಕ ಗೀಟು ಹಾಕಿಡು. ಬಂದವಳು ಕಾಲು ತೊಳೆದು ಮೊದಲು ನೋಡುವುದು ಅದನ್ನೇ.